ರೋಗಿಯ ಹಣ್ಣಿಗೊಂದು ವಕಾಲತ್ತು

ನಮ್ಮವರ ಮನೆಗೆ ಸೇಬು ಬರಬೇಕಾದರೆ ಯಾರಾದರೂ ಹಾಸಿಗೆ ಹಿಡಿದಿರಬೇಕು. ನಾಲ್ಕು ಕೆಂಪು ಸೇಬು ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋಗೋದು, ರೋಗಿಯ ತಲೆದೆಸೆಯಲ್ಲಿಟ್ಟು ಬರೋದು. ಅಲ್ಲಿಗೆ ಕರ್ತವ್ಯ ಮುಗಿಯಿತು. ದಿಲ್ಲಿಗೆ ಬಂದು ಎರಡು ವರ್ಷವಾದರೂ ನನ್ನ ತಿಳಿವಳಿಕೆ ಇಷ್ಟೇ ಇತ್ತು.

ಹೋದ ಅಕ್ಟೋಬರಿನಲ್ಲಿ ಹಾಸ್ಟೆಲಿನ ಕಾಶ್ಮೀರಿ ಗೆಳೆಯನೊಬ್ಬ ಬದನೆಕಾಯಿ ಜೊತೆ ಸೇಬು ಹೆಚ್ಚುತ್ತಾ ಕೂತಿದ್ದ. ‘ತಲೆ ಕೆಟ್ಟಿದೆಯೇನಯ್ಯಾ?’ ಅಂದೆ. ಎರಡನ್ನೂ ಸಾಸಿವೆ ಎಣ್ಣೆಯಲ್ಲಿ ಹುರಿದು, ಮೆಣಸಿನಪುಡಿ, ಸೋಂಪು, ಒಣಶುಂಠಿ, ಇಂಗು ಹಾಕಿ ಬೇಯಿಸಿದ. ತ್ಸೂಂಠ್ ವಾಂಗನ್ ಅಂತ ಅದರ ಹೆಸರು. ಅನ್ನಕ್ಕೆ ಕಲಸಿ ತಿಂದರೆ ನಮ್ಮ ಗೊಜ್ಜಿನ ದಾಯಾದಿ! ‘ಇದಕ್ಕೆ ಹುಳಿ ಸೇಬೇ ಆಗಬೇಕು, ನಿಮ್ಮ ಆಸ್ಪತ್ರೆ ಸೇಬು ನಡೆಯೋಲ್ಲ’ ಅಂದ.

ಆ ಮಾತಿನಲ್ಲೇ ಎಲ್ಲ ಇದೆ. ಸೇಬು ಒಂದಲ್ಲ. ಇಂಗ್ಲೆಂಡಿನಲ್ಲಿ 1809ರಲ್ಲಿ ನೆಟ್ಟ ಬೀಜದಿಂದ ಹುಟ್ಟಿದ ಬ್ರ್ಯಾಮ್ಲಿ ಸೇಬು ಕಚ್ಚಿದರೆ ಹಲ್ಲು ಚುಳ್ಳೆನ್ನುತ್ತದೆ, ಬೇಯಿಸಿದರೆ ಕರಗಿ ಮುದ್ದೆಯಾಗುತ್ತದೆ. ಅಲ್ಲಿ ಅದು ಅಡುಗೆಯ ಸೇಬು. ಫ್ರಾನ್ಸಿನ ನಾರ್ಮಂಡಿಯವರು ಒಗರು ಸೇಬಿನಿಂದ ಸೈಡರ್ ಇಳಿಸುತ್ತಾರೆ. ಇರಾನಿನವರು ನೌರೋಜ್ ಹಬ್ಬಕ್ಕೆ ಜೋಡಿಸುವ ಏಳು ವಸ್ತುಗಳಲ್ಲಿ ‘ಸೀಬ್’ ಒಂದು. ನಮ್ಮ ‘ಸೇಬು’ ಆ ಪಾರಸಿ ಶಬ್ದವೇ.

ಇನ್ನೊಂದು ಸಂಗತಿ. ಸೇಬಿನ ಬೀಜ ನೆಟ್ಟರೆ ತಾಯಿಮರದ ಹಣ್ಣೇ ಬರುವುದಿಲ್ಲ, ಬೇರೇನೋ ಬರುತ್ತದೆ. ತಳಿ ಉಳಿಯಬೇಕಾದರೆ ಕಸಿ ಕಟ್ಟಲೇಬೇಕು. ಬೆಳೆಗಾರ ಕಸಿ ಕಟ್ಟುವುದು ಬಿಟ್ಟರೆ ತಳಿಯ ಕಥೆ ಮುಗಿದಂತೆ. ಅಮೆರಿಕದಿಂದ ಬಂದು ಇಲ್ಲಿಯವರೇ ಆಗಿಹೋದ ಸ್ಯಾಮ್ಯುಯಲ್ ಸ್ಟೋಕ್ಸ್ 1916ರಲ್ಲಿ ಹಿಮಾಚಲದ ಕೋಟಗಢ ಸೀಮೆಯಲ್ಲಿ ಡೆಲಿಷಸ್ ಸಸಿ ನೆಟ್ಟರು. ಬೆಟ್ಟದ ಬಡವರಿಗೆ ಅದರಿಂದ ಅನ್ನ ಹುಟ್ಟಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಪೇಟೆ ಆ ಕೆಂಪಿಗೇ ಮರುಳಾಯಿತು. ಕಾಶ್ಮೀರದ ಸ್ವಂತ ತಳಿ ಅಂಬ್ರಿ ಘಮಘಮಿಸುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಫಲ ಕೊಡುವುದು ಮಾತ್ರ ತಡ. ಕೇಳುವವರಿಲ್ಲದ ಮೇಲೆ ಬೆಳೆಗಾರ ಎಷ್ಟು ವರ್ಷ ಕಾಯ್ತಾನೆ? ತೋಟಗಳಲ್ಲಿ ಅಂಬ್ರಿಯ ಜಾಗಕ್ಕೆ ಡೆಲಿಷಸ್ ಬಂತು.

‘ಸೇಬು ನಮ್ಮ ನೆಲದ್ದಲ್ಲ, ನಮಗ್ಯಾಕೆ ಈ ಉಸಾಬರಿ?’ ಅನ್ನಬಹುದು. ಸ್ವಾಮಿ, ಅದನ್ನು ಕೊಳ್ಳೋರು ನಾವೇ ಅಲ್ಲವೇ? ಮಾವಿನ ವಿಷಯದಲ್ಲಿ ನಮಗೆ ಎಲ್ಲ ಗೊತ್ತು. ಉಪ್ಪಿನಕಾಯಿಗೆ ಅಪ್ಪೆಮಿಡಿ, ಸೀಕರಣೆಗೆ ರಸಪುರಿ, ಉಪ್ಪುಖಾರ ಹಚ್ಚಿ ತಿನ್ನೋಕೆ ತೋತಾಪುರಿ. ‘ಮಾವು ಅಂದ್ರೆ ಹಳದಿ ಹಣ್ಣು’ ಅಂತ ಯಾರಾದರೂ ಅಂದರೆ ಜಗಳಕ್ಕೇ ನಿಲ್ತೀವಿ. ಸೇಬಿನ ವಿಷಯದಲ್ಲಿ ನಾವು ಮಾಡ್ತಿರೋದು ಅದನ್ನೇ.

ಆದ್ದರಿಂದ ಗೆಳೆಯರೇ, ಇನ್ನು ಮೇಲೆ ಗಾಡಿಯವನನ್ನು ‘ಕಿಲೋ ಎಷ್ಟು’ ಅನ್ನುವ ಮೊದಲು ‘ಯಾವ ಸೇಬು’ ಅಂತ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯ ದಿನ ತಂದಾನು. ಹುಳಿ ಸೇಬು ಸಿಕ್ಕರೆ ನನಗೆ ತಿಳಿಸಿ. ರಾಜ್ಯೋತ್ಸವದ ಊಟಕ್ಕೆ ಗೊಜ್ಜು ನನ್ನ ಪಾಲಿಗಿರಲಿ. ತಿಂದವರು ಆಸ್ಪತ್ರೆ ಸೇರಿದರೆ ಕೆಂಪು ಸೇಬು ತರೋ ಜವಾಬ್ದಾರಿಯೂ ನಂದೇ.