ಬೈಗುಳಕ್ಕೆ ಬಂದ ಮಾತು ಮಕ್ಕಳಿಗೆ ಯಾಕೆ ಬರಲಿಲ್ಲ?

ನಮ್ಮ ಊರುಗಳಲ್ಲಿ ಮೈಯ ವಿಚಾರ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ ಎಂಬುದು ಶುದ್ಧ ಸುಳ್ಳು. ಬೆಳಿಗ್ಗೆ ನಲ್ಲಿ ಹತ್ತಿರ ಬಿಂದಿಗೆ ಜಗಳ ಶುರುವಾದರೆ ಸಾಕು, ಅವ್ವ ಅಕ್ಕ ತಂಗಿಯರ ಅಂಗಾಂಗಗಳೆಲ್ಲ ಬೀದಿಗೆ ಬರುತ್ತವೆ. ಜಮೀನ್ದಾರ ತನ್ನ ಆಳನ್ನು ಕರೆಯುವುದೇ ಆಳಿನ ಹೆತ್ತವ್ವನ ಮೈ ಹಿಡಿದು. ಹೋಳಿ ಹುಣ್ಣಿಮೆ ಬಂದರೆ ತಲೆ ನೆರೆತವರೂ ಬಾಯಿ ಬಡಕೊಂಡು ಹಾಡುತ್ತಾರೆ. ಆದರೆ ಹದಿಮೂರರ ಮಗಳು "ಯವ್ವಾ, ನಂಗ್ಯಾಕೆ ಹಿಂಗಾಯ್ತು?" ಅಂದರೆ ಸಿಗುವ ಉತ್ತರ ಒಂದೇ: "ಬಾಯ್ಮುಚ್ಕೊಂಡು ಮೂಲೇಲಿ ಕೂತ್ಕೊ."

ಬೈಯೋದಕ್ಕೆ ಮಾತಿದೆ, ಹೆದರಿಸೋದಕ್ಕೆ ಮಾತಿದೆ, ಮಾನ ಕಳೆಯೋದಕ್ಕೆ ಮಾತಿದೆ. ತಿಳಿಸಿ ಹೇಳೋದಕ್ಕೆ ಮಾತ್ರ ಮಾತಿಲ್ಲ. ಇದನ್ನೇ ಸಂಸ್ಕೃತಿ ಎಂದು ನಮ್ಮ ತಲೆಗೆ ಕಟ್ಟಿದ್ದಾರೆ. ಇದು ಯಾರ ಸಂಸ್ಕೃತಿ? ಇದರಿಂದ ಯಾರಿಗೆ ಲಾಭ? ಈ ಎರಡು ಪ್ರಶ್ನೆಗಳನ್ನು ನಾವು ಕೇಳಲೇಬೇಕಾಗಿದೆ.

ಕನ್ನಡದಲ್ಲಿ ಮುಟ್ಟು ಎಂಬ ಒಂದು ಪದವಿದೆ. ಮುಟ್ಟಬಾರದು ಅಂತ ಕೇರಿಯನ್ನು ಊರ ಹೊರಗಿಟ್ಟ ಕೈಯೇ, ಮುಟ್ಟಾದಳು ಅಂತ ಹೆಣ್ಣನ್ನು ಮನೆ ಹೊರಗಿಟ್ಟಿತು. ಎರಡಕ್ಕೂ ಹೆಸರು ಮೈಲಿಗೆ. ಎರಡಕ್ಕೂ ಶಾಸ್ತ್ರ ಒಂದೇ. ದೇವಸ್ಥಾನದ ಹೊಸ್ತಿಲಲ್ಲಿ ಈ ಮೈಲಿಗೆಯನ್ನು ಒದ್ದು ನಿಂತ ಜನ, ಅದೇ ಮೈಲಿಗೆಯನ್ನು ಕೇರಿಯೊಳಗೆ ತಂದು ಮಗಳ ತಲೆ ಮೇಲೆ ಹೊರಿಸಿದರೆ ಆ ಹೋರಾಟಕ್ಕೆ ಏನರ್ಥ? ಹನ್ನೆರಡನೇ ಶತಮಾನದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಆ ಐದರಲ್ಲಿ ಜಾತಿಸೂತಕವೂ ಇತ್ತು, ರಜಸ್ಸೂತಕವೂ ಇತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಒಡೆಯಲಾಗದು ಎಂಬುದು ಅವರಿಗೆ ತಿಳಿದಿತ್ತು. ಎಂಟುನೂರು ವರ್ಷ ಕಳೆದ ಮೇಲೆ, 2023ರ ಜುಲೈ ತಿಂಗಳಲ್ಲಿ, ತುಮಕೂರಿನ ಬಳಿಯ ಒಂದು ಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಲ್ಲಿ ಇಟ್ಟರು. ಮಳೆಗೆ, ಥಂಡಿಗೆ ಕೂಸು ಸತ್ತಿತು. ಮೈಲಿಗೆ ಕೊಲ್ಲುತ್ತದೆ ಎಂಬುದು ಬರಿ ಮಾತಲ್ಲ.

ಇನ್ನು ಒಸಗೆಯ ಸಂಭ್ರಮ ನೋಡಿ. ಹುಡುಗಿ ಮೈನೆರೆದಳೆಂದರೆ ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಕೊಬ್ಬರಿ, ಬೆಲ್ಲ, ಚಿಗಳಿ ತಿನ್ನಿಸುತ್ತಾರೆ. ಆರತಿ ಎತ್ತಿ ಸೋಬಾನೆ ಹಾಡುತ್ತಾರೆ. ಇತ್ತೀಚೆಗೆ ಫ್ಲೆಕ್ಸೂ ಹಾಕಿಸುತ್ತಾರೆ. ಊರಿಗೆಲ್ಲ ಗೊತ್ತಾಯಿತು, ಗೊತ್ತಾಗಬೇಕಿದ್ದ ಹುಡುಗಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಈ ರಕ್ತ ಎಲ್ಲಿಂದ ಬಂತು, ತಿಂಗಳು ತಿಂಗಳು ಯಾಕೆ ಬರುತ್ತೆ, ಇದರಿಂದ ಸಾಯ್ತೀನಾ ಉಳೀತೀನಾ ಎಂದು ಆ ಮಗು ಗುಡ್ಲಿನೊಳಗೆ ಒಬ್ಬಳೇ ನಡುಗುತ್ತಾ ಕೂತಿರುತ್ತದೆ. ಆ ಆರತಿ ಹುಡುಗಿಗೆ ಹೇಳಿದ ಮಾತಲ್ಲ, ಊರ ಗಂಡಸರಿಗೆ ಹೇಳಿದ ಮಾತು: ಹೆಣ್ಣು ತಯಾರಾಗಿದೆ, ಬಂದು ನೋಡಿ. ಮುಂದಿನದು ನಮಗೆಲ್ಲ ಗೊತ್ತೇ ಇದೆ. ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ನೂರು ಹೆಂಗಸರಲ್ಲಿ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಇದೇ ಮೈನೆರೆದ ಗಳಿಗೆಯನ್ನು ಕಾದು ಕೂತು ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ದೇವಿ ಹೆಸರಿನಲ್ಲಿ ಮುತ್ತು ಕಟ್ಟಿಸಿದರು. ಅದನ್ನು ನಿಷೇಧಿಸುವ ಕಾಯಿದೆ ಆದದ್ದು 1982ರಲ್ಲಿ. ಕಾಯಿದೆ ಬಂತು, ಮಗಳ ಜೊತೆ ಕೂತು "ನಿನ್ನ ಮೈ ನಿಂದು ಕಣವ್ವಾ" ಅನ್ನುವ ಮಾತು ಬರಲಿಲ್ಲ.

ಗಂಡು ಹುಡುಗನ ಪಾಡೂ ಅಷ್ಟೇ. ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾದರೆ ಏನೋ ರೋಗ ಬಂತೆಂದು ಹೆದರುತ್ತಾನೆ. ಅಪ್ಪನ ಹತ್ತಿರ ಕೇಳುವ ಹಾಗಿಲ್ಲ. ಅಪ್ಪನ ಬೆಲ್ಟು ಮಾತಾಡುತ್ತೆ. ಆಗ ಮಾತಾಡುವವರು ಯಾರು? ಬಸ್‌ಸ್ಟ್ಯಾಂಡಿನ ಗೋಡೆ. 'ಧಾತು ನಷ್ಟ', 'ನರ ದೌರ್ಬಲ್ಯ', 'ಗುಪ್ತರೋಗ' ಅಂತ ಬರೆದು, ಜಾತ್ರೆಯಲ್ಲಿ ಡೇರೆ ಹಾಕಿ ಕೂತ ನಕಲಿ ವೈದ್ಯ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಅನ್ನುವ ಹಸಿ ಸುಳ್ಳು ಹೇಳಿ ಕೂಲಿಯವನ ಮಗನ ಜೇಬು ಕತ್ತರಿಸುತ್ತಾನೆ. ಅಲ್ಲಿಂದಾಚೆಗೆ ಕೈಯಲ್ಲಿರುವ ಮೊಬೈಲು. ಹೆಣ್ಣನ್ನು ಹಿಂಸಿಸುವುದೇ ಗಂಡಸುತನ ಅಂತ ಅದು ಕಲಿಸಿಕೊಡುತ್ತದೆ. ಅಪ್ಪ ಬಾಯಿ ಮುಚ್ಚಿದ ಕಡೆ ಮಾರುಕಟ್ಟೆ ಬಾಯಿ ತೆರೆಯುತ್ತದೆ.

ಈ ಮೌನದ ನಿಜವಾದ ಲಾಭ ಯಾರಿಗೆ ಎಂಬುದಕ್ಕೆ ಈಗ ಬರೋಣ. ಕಳೆ ಕೀಳೋಕೆ ಹೋದ ಹುಡುಗಿಯ ಮೇಲೆ ತೋಟದ ಯಜಮಾನ ಕೈ ಹಾಕುತ್ತಾನೆ. ಹಾಸ್ಟೆಲಿನ ಹುಡುಗನ ಮೇಲೆ ದೊಡ್ಡವನೊಬ್ಬ ಕೈ ಹಾಕುತ್ತಾನೆ. ಮನೆಯೊಳಗೇ ನೆಂಟನೊಬ್ಬ ಕೈ ಹಾಕುತ್ತಾನೆ. ಮಕ್ಕಳ ಮೇಲೆ ಇಂಥ ಕೃತ್ಯ ಮಾಡುವವರಲ್ಲಿ ಬಹುಪಾಲು ಮಂದಿ ಮಗುವಿಗೆ ಗುರುತಿದ್ದವರೇ. ಆಗ ಮಗು ಏನಂತ ಹೇಳಬೇಕು? ಅಂಗಕ್ಕೆ ಹೆಸರು ಕಲಿಸಿಲ್ಲ. ಯಾವ ಕೈ ಎಲ್ಲಿಗೆ ಬರಬಾರದು ಅಂತ ಹೇಳಿಲ್ಲ. ಹೇಳಿದರೆ ತನಗೇ ಏಟು ಬೀಳುತ್ತೆ ಅಂತ ಮಾತ್ರ ಗೊತ್ತು. 2012ರಲ್ಲಿ ಪೋಕ್ಸೋ ಕಾಯಿದೆ ಬಂತು. ದೇಶಕ್ಕೆಲ್ಲ ಕಾನೂನು ಇದ್ದರೂ ಮಗುವಿನ ಬಾಯಲ್ಲಿ ಮಾತಿಲ್ಲದಿದ್ದರೆ ಕೇಸು ಎಲ್ಲಿ ನಿಲ್ಲುತ್ತೆ? ಮೈಗೆ ಹೆಸರಿಲ್ಲದ ಮಗು ದೂರು ಕೊಡಲಾರದು. ಶೋಷಕನಿಗೆ ಬೇಕಾಗಿರುವುದೂ ಅದೇ. ನಾಚಿಕೆ ಅನ್ನೋದು ಅವನ ಮನೆಯ ಕಾವಲು ನಾಯಿ. ಅದನ್ನು ನಮ್ಮ ಬಾಗಿಲಲ್ಲಿ ಕಟ್ಟಿ ನಾವೇ ಅನ್ನ ಹಾಕುತ್ತಿದ್ದೇವೆ.

"ಇದೆಲ್ಲ ಪರದೇಶದ ವಿಚಾರ, ನಮ್ಮ ಮಕ್ಕಳು ಕೆಡ್ತವೆ" ಅನ್ನುವವರಿಗೆ ನಾವು ಚರಿತ್ರೆ ನೆನಪಿಸುತ್ತೇವೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ ಎಂಬ ಗಣಿತದ ಮೇಷ್ಟ್ರು ಇದೇ ಕೆಲಸಕ್ಕೆ ನಿಂತು ನೌಕರಿ ಕಳಕೊಂಡರು. 1927ರಲ್ಲಿ 'ಸಮಾಜಸ್ವಾಸ್ಥ್ಯ' ಪತ್ರಿಕೆ ತೆಗೆದು ಕಾಮದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟರು. ಅಶ್ಲೀಲ ಅಂತ ಕೇಸು ಬಿತ್ತು. 1934ರಲ್ಲಿ ಅವರ ಪರ ಹೈಕೋರ್ಟಿನಲ್ಲಿ ವಾದಕ್ಕೆ ನಿಂತ ವಕೀಲ ಯಾರು? ನಮ್ಮ ಬಾಬಾಸಾಹೇಬರು. ಕಾಮದ ವಿಚಾರ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗದು ಎಂದು ವಾದಿಸಿದರು. ಕೇಸು ಸೋತಿತು, ಕರ್ವೆಗೆ ದಂಡ ಬಿತ್ತು. ಆದರೂ 1938ರಲ್ಲಿ ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರ ನಿರ್ಣಯ ತಂದಿತು. ಸಭೆ ಅದನ್ನೂ ಬೀಳಿಸಿತು. ಅವರ ಫೋಟೋಗೆ ಏಪ್ರಿಲ್ 14ರಂದು ಹಾರ ಹಾಕಿ, ಮನೆಗೆ ಬಂದು ಮಗಳನ್ನು ಮೂಲೆಗೆ ಕೂರಿಸುವ ಗಂಡಸರನ್ನು ನಾವು ಕೇಳುತ್ತೇವೆ: ನೀವು ಹೂ ಹಾಕಿದ್ದು ಯಾರಿಗೆ?

ಸರ್ಕಾರದ ಕತೆಯೂ ಬೇರೆಯಲ್ಲ. 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣದ ಕಾರ್ಯಕ್ರಮ ಬಂದಾಗ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ದಶಕದಲ್ಲಿ ಎಚ್‌ಐವಿ ಹೆಚ್ಚಾಗಿದ್ದ ದೇಶದ ಆರು ರಾಜ್ಯಗಳಲ್ಲೂ ನಮ್ಮದು ಒಂದು. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಹಳ್ಳಿಗಳಲ್ಲಿ ಹೆಣ ಬೀಳುತ್ತಿದ್ದಾಗ ನಮ್ಮ ದೊಡ್ಡವರಿಗೆ ಮಕ್ಕಳ ಪುಸ್ತಕದ ಚಿತ್ರಗಳು ಅಸಹ್ಯವಾಗಿ ಕಂಡವು! 2009ರಲ್ಲಿ ರಾಜ್ಯಸಭೆಯ ಅರ್ಜಿ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ತಿಳಿಸಿ ಹೇಳಿದರೆ ಮಕ್ಕಳು ಕೆಡುತ್ತಾರೆ ಎಂಬುದು ನಿಜವೇ? ನಾನಾ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿ ಯುನೆಸ್ಕೋ 2018ರಲ್ಲಿ ಹೇಳಿದ್ದು: ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. ಕೆಡಿಸುವುದು ತಿಳಿವಳಿಕೆಯಲ್ಲ, ಕತ್ತಲು.

"ನಾವು ಓದಿಲ್ಲ, ನಮಗೇನು ಗೊತ್ತು?" ಅಂತ ಕೂಲಿಯಿಂದ ಸುಸ್ತಾಗಿ ಬಂದ ಅವ್ವ ಕೇಳುತ್ತಾಳೆ. ಅವ್ವಾ, ನಿನಗೇ ಗೊತ್ತಿರೋದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಯಾವ ಕಾಲೇಜಿಗೆ ಹೋಗಿದ್ದರು? ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು; 2018ರಲ್ಲಿ ಪದ್ಮಶ್ರೀ ಬಂತು. ಮೈಯ ವಿದ್ಯೆ ನಮ್ಮ ಹೆಂಗಸರ ಕೈಯಲ್ಲೇ ಇತ್ತು. ಅದನ್ನು ಬಾಯಿಗೆ ತರುವುದೊಂದೇ ಬಾಕಿ.

ಹೇಳಬೇಕಾದದ್ದು ಬಹಳ ಇಲ್ಲ. ಸಾಮಾನ್ಯವಾಗಿ ಒಂಬತ್ತರಿಂದ ಹದಿನಾರರೊಳಗೆ ಮುಟ್ಟು ಶುರುವಾಗುತ್ತೆ. ಅದು ಕೆಟ್ಟ ರಕ್ತವಲ್ಲ, ಗರ್ಭಚೀಲದ ಒಳಪದರ ಕಳಚಿ ಬರುವುದು. ಬಟ್ಟೆ ಬಳಸಿದರೆ ಒಗೆದು ಬಿಸಿಲಲ್ಲೇ ಒಣಗಿಸಬೇಕು, ಹಾಸಿಗೆ ಕೆಳಗೆ ಬಚ್ಚಿಡಬಾರದು. ಹುಡುಗರಿಗೆ ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ, ಅದಕ್ಕೆ ಔಷಧಿ ಬೇಕಿಲ್ಲ. ಕೂಡಿದರೆ ಒಂದೇ ಸಲಕ್ಕೂ ಬಸಿರಾಗಬಹುದು, ರೋಗ ಅಂಟಬಹುದು. ನಿರೋಧ್ ಎರಡನ್ನೂ ಬಹುಮಟ್ಟಿಗೆ ತಡೆಯುತ್ತದೆ. ಬೇಡ ಅಂದರೆ ಬೇಡ; ಇದನ್ನು ಮಗಳಿಗಿಂತ ಮೊದಲು ಮಗನಿಗೆ ಹೇಳಬೇಕು. ಹದಿನೆಂಟು ತುಂಬದವರ ಒಪ್ಪಿಗೆಯನ್ನು ಕಾನೂನು ಒಪ್ಪಿಗೆ ಅನ್ನುವುದಿಲ್ಲ. ಮೇಲ್ಜಾತಿ ಹುಡುಗಿಯನ್ನು ಪ್ರೀತಿಸಿದ ಕೇರಿಯ ಹುಡುಗನಿಗೆ ಇದು ತಿಳಿಯದಿದ್ದರೆ ಜೈಲೇ ಗತಿ, ಕೆಲವು ಸಲ ಮಚ್ಚೇ ಗತಿ. ಯಾರಾದರೂ ಕೈ ಹಾಕಿದರೆ ತಪ್ಪು ಅವರದು, ನಿನ್ನದಲ್ಲ, ಬಂದು ಹೇಳು, ನಾವು ಹೊಡೆಯಲ್ಲ. ಕೊನೆಯ ಈ ಮಾತು ಎಲ್ಲಕ್ಕಿಂತ ದೊಡ್ಡದು. ಅದನ್ನು ಹೇಳಲು ಅಕ್ಷರ ಬೇಕಿಲ್ಲ.

ಹಳ್ಳಿಯ ಮೇಷ್ಟರೇ, ಮೇಡಂಗಳೇ, ವಿಜ್ಞಾನ ಪುಸ್ತಕದ ಆ ಪಾಠವನ್ನು "ಮನೇಲಿ ಓದ್ಕೊಳಿ" ಅಂತ ದಾಟಿಸಬೇಡಿ. ಮನೆಯಲ್ಲಿ ಅದನ್ನು ಓದಿಸುವವರಿಲ್ಲ. ವೈದ್ಯೆ ಅನುಪಮಾ ನಿರಂಜನ ಅವರ 'ಕೇಳು ಕಿಶೋರಿ' ಶಾಲೆಯ ಕಪಾಟಿನಲ್ಲಿ ಇರಲಿ, ಬೀಗ ಹಾಕದೆ ಇರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ತಮ್ಮ ತಂಗಿಯರ ಜೊತೆ ಕೂತು ಮಾತಾಡಿ. ಸಂಘಟನೆಯ ಸಂಗಾತಿಗಳೇ, ಕೇರಿಯ ಸಭೆಯಲ್ಲಿ ಭೂಮಿ, ಕೂಲಿ, ನೀರಿನ ಜೊತೆಗೆ ಇದೂ ಚರ್ಚೆಗೆ ಬರಲಿ. ಅಪ್ಪಂದಿರು ಮುಂದಿನ ಸಾಲಿನಲ್ಲಿ ಕೂರಲಿ.

ನಮ್ಮ ಮೈಯನ್ನು ದುಡಿಸಿಕೊಂಡವರು ಅದರ ಬಗ್ಗೆ ಮಾತಾಡುವ ಹಕ್ಕನ್ನೂ ತಾವೇ ಇಟ್ಟುಕೊಂಡರು. ಭೂಮಿ ಕೇಳಿದ ಹಾಗೆ, ಕೆರೆ ನೀರು ಕೇಳಿದ ಹಾಗೆ ಈ ಮಾತನ್ನೂ ನಾವು ಕಿತ್ತು ತರಬೇಕು. ತಂದು ಮೊದಲು ನಮ್ಮ ಮಕ್ಕಳಿಗೆ ಕೊಡಬೇಕು.