ಜಲಜನಕ ಸರಿ, ಬಗ್ಗಡದ ಗತಿಯೇನು?

ಗೋಬರ್ ಅನಿಲದ ತೊಟ್ಟಿ ಮಲೆನಾಡಿನ ಮನೆಗಳಿಗೆ ಹೊಸತಲ್ಲ. ಅದರೊಳಗೆ ಸೆಗಣಿ ಕೊಳೆಯುವಾಗ ಜಲಜನಕವೂ ಹುಟ್ಟುತ್ತದೆ. ಆದರೆ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿದಲ್ಲಿಯೇ ಬಳಸಿಬಿಡುತ್ತವೆ. ಬಗ್ಗಡವನ್ನು ಕಾಯಿಸಿ ಅವುಗಳನ್ನು ಕೊಂದು, ಶಾಖ ತಾಳಿ ಉಳಿಯುವ ಕ್ಲಾಸ್ಟ್ರಿಡಿಯಮ್‌ನಂತಹ ಬ್ಯಾಕ್ಟೀರಿಯಗಳಿಗೆ ಸಕ್ಕರೆಯಂಶದ ತ್ಯಾಜ್ಯವನ್ನು ಉಣಿಸಿದರೆ ಜಲಜನಕವನ್ನೇ ಪಡೆಯಬಹುದು. ಡಿಸೆಂಬರ್ ಬಂತೆಂದರೆ ಹಳ್ಳಗಳಿಗಿಳಿದು ನಾರುವ ಕಾಫಿ ಪಲ್ಪರಿನ ನೀರು ಇಂತಹ ತ್ಯಾಜ್ಯವೇ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿದ ಮೇಲೆ ಇಂತಹ ಸಂಶೋಧನೆಗಳತ್ತಲೂ ಗಮನ ಹರಿಯುವುದು ಸಹಜ.

ತೊಡಕಿರುವುದು ಇಳುವರಿಯಲ್ಲಿ. ಗ್ಲೂಕೋಸಿನ ಒಂದು ಅಣುವಿನಿಂದ ಈ ಹುದುಗುವಿಕೆಯಲ್ಲಿ ಹೆಚ್ಚೆಂದರೆ 4 ಅಣು ಜಲಜನಕ ಸಿಗಬಲ್ಲದು. ಕೈಗೆ ಸಿಗುವುದು ಬಹುವೇಳೆ 2ರ ಆಸುಪಾಸು. ಈ ಕೊರತೆಯನ್ನು ತುಂಬಲು ವಿಜ್ಞಾನಿಗಳು ನ್ಯಾನೊಕಣಗಳನ್ನು, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಕಬ್ಬಿಣ, ನಿಕಲ್‌ಗಳ ಪುಡಿಯನ್ನು ಬೆರೆಸಿ ನೋಡುತ್ತಿದ್ದಾರೆ. ಜಲಜನಕವನ್ನು ಹೊಮ್ಮಿಸುವ ಹೈಡ್ರೋಜಿನೇಸ್ ಎಂಬ ಕಿಣ್ವದ ಒಡಲಲ್ಲಿರುವುದು ಕಬ್ಬಿಣವೇ. ಕೆಲವದರಲ್ಲಿ ನಿಕಲ್ ಕೂಡ. ಆದುದರಿಂದ ಈ ಪ್ರಯತ್ನ ಬುಡವಿಲ್ಲದ್ದಲ್ಲ. ಹದವರಿತು ಹಾಕಿದಾಗ ಇಳುವರಿ ಏರಿದೆ, ಅತಿಯಾದಾಗ ಬ್ಯಾಕ್ಟೀರಿಯಗಳೇ ಸೊರಗಿವೆ. ಆದರೆ ಯಾವ ಪುಡಿಯೂ 4ರ ಮಿತಿಯನ್ನು ಮೀರಿಸಲಾರದು. ಇನ್ನೊಂದು ಮಾತು: ಶೇಕಡಾವಾರು ಹೆಚ್ಚಳದ ಸುದ್ದಿಗಳು ಬಹುಪಾಲು ಪ್ರಯೋಗಾಲಯದ ಗಾಜಿನ ಸೀಸೆಗಳಿಂದ ಬಂದವು.

ಸೀಸೆಯ ಬಗ್ಗಡವನ್ನು ಪ್ರಯೋಗದ ಬಳಿಕ ಬೇರ್ಪಡಿಸಿ ವಿಲೇವಾರಿ ಮಾಡಬಹುದು. ಹಳ್ಳಿಯ ಬಗ್ಗಡ ಸೇರುವುದು ಗದ್ದೆ, ತೋಟಗಳನ್ನು. ನಿಕಲ್ ಕೊಳೆತು ಹೋಗುವ ವಸ್ತುವಲ್ಲ. ಮಲೆನಾಡಿನ ಹುಳಿಮಣ್ಣಿನಲ್ಲಿ ಅದು ಇನ್ನೂ ಸುಲಭವಾಗಿ ಕರಗಿ ಬೇರಿಗೂ ಬಾವಿಗೂ ಇಳಿಯಬಲ್ಲದು. ಕಬ್ಬಿಣದ ಮಾತು ಬೇರೆ, ಅದು ಇಲ್ಲಿನ ಕೆಂಪುಮಣ್ಣಿನಲ್ಲಿ ಧಾರಾಳವಾಗಿದೆ. ಕಾಂತಗುಣದ ಕಬ್ಬಿಣದ ಆಕ್ಸೈಡ್ ಕಣಗಳನ್ನು ಅಯಸ್ಕಾಂತದಿಂದ ಮರಳಿ ಸೆಳೆದುಕೊಳ್ಳಲೂ ಸಾಧ್ಯ.

ಪುಡಿಯ ಗದ್ದಲದಲ್ಲಿ ಮರೆತುಹೋಗಿರುವುದು ಜಲಜನಕ ಹೊರಟ ಮೇಲೆ ಉಳಿಯುವ ಹುಳಿನೀರು. 4 ಅಣುಗಳಷ್ಟು ಪೂರ್ಣ ಇಳುವರಿ ಬಂದರೂ ಸಕ್ಕರೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅದರಲ್ಲಿಯೇ ಅಸಿಟಿಕ್ ಆಮ್ಲವಾಗಿ ನಿಂತಿರುತ್ತದೆ. ಹಳೆಯ ಗೋಬರ್ ತೊಟ್ಟಿಗೆ ಹದವಾಗಿ ಹರಿಸಿದರೆ ಅದು ಮೀಥೇನ್ ಆಗಿ ಒಲೆಗೆ ಬರುತ್ತದೆ; ಅದಕ್ಕೆ ನಿಕಲ್ ಪುಡಿಯನ್ನು ಕೊಂಡು ತರಬೇಕಾಗಿಲ್ಲ. ಮಲೆನಾಡಿನಲ್ಲಿ ಜಲಜನಕದ ಘಟಕ ಕಟ್ಟಲು ಬರುವವರು ಎರಡನೆಯ ತೊಟ್ಟಿಯ ನಕಾಶೆಯನ್ನೂ, ಬಗ್ಗಡದಲ್ಲಿ ಎಷ್ಟು ಲೋಹ ಉಳಿಯಿತೆಂಬ ಪರೀಕ್ಷಾ ವರದಿಯನ್ನೂ ಗ್ರಾಮಸಭೆಯ ಮುಂದಿಡಲಿ. ನಿಕಲ್ ಬೆರೆಸುವ ಘಟಕಕ್ಕಂತೂ ಅನುಮತಿ ಕೊಡಬಾರದು.