ಕಾಸಿಗೆ ತಕ್ಕ ಕಜ್ಜಾಯವೆ?

ಅಂಗಡಿಯಿಂದ ಮನೆಗೆ ಬಂದ ವಸ್ತುವಿನ ಬೆಲೆ ಎಲ್ಲರಿಗೂ ನೆನಪಿರುತ್ತದೆ. ಆಮೇಲೆ ಅದು ಎಷ್ಟು ಕೆಲಸ ಮಾಡಿತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆದಿಡುವ ಗೃಹಿಣಿಯರೂ ಈ ಎರಡನೆಯ ಲೆಕ್ಕವನ್ನು ಬರೆಯುವುದು ಅಪರೂಪ. ಬರೆದರೆ ಏನೇನು ಗೋಚರಿಸುತ್ತದೆ ಎಂಬುದನ್ನು ನೋಡಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತುಮಕೂರು ಜಿಲ್ಲೆಯ ಬಯಲು ಸೀಮೆಯ ಒಂದು ಸಣ್ಣ ಊರು. ಕುಡಿಯಲು ಕೊಳವೆಬಾವಿಯ ನೀರು. ಅಪ್ಪ ಗುಮಾಸ್ತ, ಅಮ್ಮ ಹೊಲಿಗೆ ಕೆಲಸ ಮಾಡುತ್ತಾಳೆ. ಮಗಳು ಎಸ್ಸೆಸ್ಸೆಲ್ಸಿ. ಮಗನಿಗೆ ಆರು ವರ್ಷ, ಮುಂದಿನ ಹಾಲುಹಲ್ಲು ಈಗತಾನೆ ಬಿದ್ದಿದೆ. ಈ ಹಲ್ಲಿನ ವಿಷಯ ಮುಂದೆ ಬರುತ್ತದೆ, ನೆನಪಿನಲ್ಲಿಡಿ.

ಒಂದು ವರ್ಷದಲ್ಲಿ ಈ ಮನೆ ಕೊಂಡ ಸಾಮಾನುಗಳಲ್ಲಿ ಮೊದಲನೆಯದು ಬಿಸಿನೀರು ಇಡುವ ಉಕ್ಕಿನ ಬಾಟಲಿ. ಎರಡು ಗೋಡೆಗಳ ನಡುವೆ ನಿರ್ವಾತ. ವಹನಕ್ಕೂ ಸಂವಹನಕ್ಕೂ ಮಾಧ್ಯಮ ಬೇಕು, ನಿರ್ವಾತದಲ್ಲಿ ಅದಿಲ್ಲ. ಆದ್ದರಿಂದ ಉಷ್ಣ ಹೊರಗೆ ಹೋಗುವುದು ಬಲು ನಿಧಾನ. ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂವರ್ 1892ರಲ್ಲಿ ಪ್ರಯೋಗಾಲಯಕ್ಕೆಂದು ಮಾಡಿಕೊಂಡ ಪಾತ್ರೆಯ ಮೊಮ್ಮಗ ಇದು. ಕೊಂಡದ್ದು ಸಾರ್ಥಕವಾಯಿತೇ ಎಂದು ತಿಳಿಯಲು ಹತ್ತು ನಿಮಿಷ ಸಾಕು. ಕುದಿಯುವ ನೀರು ತುಂಬಿ ಮುಚ್ಚಳ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಬಾಟಲಿಯ ಹೊಟ್ಟೆಯನ್ನು ಮುಟ್ಟಿ ನೋಡಿ. ಹೊರಮೈ ಬೆಚ್ಚಗಾಗಿದ್ದರೆ ನಿರ್ವಾತ ಹೋಗಿದೆ, ಉಳಿದಿರುವುದು ಬರೀ ಭಾರವಾದ ಲೋಟ. ಮಕ್ಕಳು ಅದನ್ನು ಮೆಟ್ಟಿಲ ಮೇಲಿಂದ ಉರುಳಿಸಿದರೆ ಆಗುವುದೂ ಅನೇಕ ವೇಳೆ ಇದೇ. ಈ ಮನೆಯ ಬಾಟಲಿ ಚೆನ್ನಾಗಿದೆ. ಸಾಕು, ಮುಂದೆ ಹೋಗೋಣ.

ಎರಡನೆಯದು ಮಗಳು ಹಟ ಹಿಡಿದು ತರಿಸಿದ ಪವರ್ ಬ್ಯಾಂಕ್. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 10,000 ಮಿಲಿ ಆಂಪಿಯರ್ ಗಂಟೆ ಎಂದಿದೆ. ಮೊಬೈಲಿನ ಬ್ಯಾಟರಿ 5,000. ಹಾಗಾದರೆ ಎರಡು ಸಲ ತುಂಬಬೇಕಲ್ಲವೆ? ತುಂಬುವುದಿಲ್ಲ, ಒಂದೂವರೆ ಸಲಕ್ಕೆ ಖಾಲಿ. ಅಂಗಡಿಯವನು ಮೋಸ ಮಾಡಿದನೆಂದು ಮನೆಯಲ್ಲಿ ರಾದ್ಧಾಂತ. ಮೋಸವಿಲ್ಲ, ಲೆಕ್ಕವಿದೆ. ಒಳಗಿನ ಲಿಥಿಯಂ ಕೋಶದ ವೋಲ್ಟತೆ 3.7. ಹತ್ತು ಆಂಪಿಯರ್ ಗಂಟೆಯನ್ನು 3.7ರಿಂದ ಗುಣಿಸಿದರೆ 37 ವ್ಯಾಟ್ ಗಂಟೆ. ಇದೇ ನಿಜವಾದ ಗಂಟು. ಹೊರಗೆ ಬರುವಾಗ ವೋಲ್ಟತೆಯನ್ನು 5ಕ್ಕೆ ಏರಿಸಬೇಕು. ಆ ಮಂಡಲದಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ, ಮೊಬೈಲ್ ಬಿಸಿಯಾಗಿ ಇನ್ನಷ್ಟು ಹೋಗುತ್ತದೆ. ಕೈಗೆ ಸಿಗುವುದು ಸುಮಾರು 30 ವ್ಯಾಟ್ ಗಂಟೆ, ಮೊಬೈಲ್ ಬ್ಯಾಟರಿಗೆ ಬೇಕಾದದ್ದು ಸುಮಾರು 19. ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಇನ್ನೊಂದು ಸಂಖ್ಯೆ ಇರುತ್ತದೆ, ಆರು ಸಾವಿರದ ಆಸುಪಾಸಿನಲ್ಲಿ. ಕೊಳ್ಳುವವರು ಓದಬೇಕಾದದ್ದು ಅದನ್ನು.

ಆದರೆ ಈ ಪವರ್ ಬ್ಯಾಂಕ್ ತನ್ನ ಬೆಲೆಯನ್ನು ತೀರಿಸಿದ್ದು ಮೊಬೈಲಿನಿಂದಲ್ಲ. ಮಾರ್ಚ್ ತಿಂಗಳಲ್ಲಿ, ಪರೀಕ್ಷೆಯ ಎದುರಿಗೇ, ಸಂಜೆಯ ಹೊತ್ತು ಕರೆಂಟು ಹೋಗುವುದು ನಮ್ಮ ಊರುಗಳಿಗೆ ಹೊಸದೇನಲ್ಲ. ಐವತ್ತು ರೂಪಾಯಿಯೊಳಗೆ ಸಿಗುವ ಒಂದು ವ್ಯಾಟ್‌ನ ಎಲ್‌ಇಡಿ ಕಡ್ಡಿಯನ್ನು ಅದಕ್ಕೆ ಚುಚ್ಚಿದರೆ, 30 ವ್ಯಾಟ್ ಗಂಟೆ ಎಂದರೆ 30 ಗಂಟೆಯ ಬೆಳಕು. ದಿನಕ್ಕೆ ಎರಡು ಗಂಟೆ ಕತ್ತಲೆಯಾದರೂ ಎರಡು ವಾರ ನಡೆಯುತ್ತದೆ. ಒಂದೇ ಎಚ್ಚರಿಕೆ: ಕೆಲವು ಪವರ್ ಬ್ಯಾಂಕ್‌ಗಳು ತೀರ ಸಣ್ಣ ವಿದ್ಯುತ್ ಹರಿದರೆ ‘ಯಾರೂ ಇಲ್ಲ’ ಎಂದುಕೊಂಡು ತಾವಾಗಿಯೇ ಆರಿಹೋಗುತ್ತವೆ. ಕಡ್ಡಿ ದೀಪವನ್ನು ಅಂಗಡಿಯಲ್ಲೇ ಹತ್ತಿಸಿ ನೋಡುವುದು ಮೇಲು.

ಮೂರನೆಯದು ಪಂಖ. ಹಳೆಯದು 75 ವ್ಯಾಟ್ ನುಂಗುತ್ತಿತ್ತು. ಹೊಸದು, ಬಿಎಲ್‌ಡಿಸಿ ಎಂದು ಕರೆಯುವ ಕಾಯಂ ಅಯಸ್ಕಾಂತದ ಮೋಟಾರಿನದು, ಅಷ್ಟೇ ಗಾಳಿಗೆ 30 ವ್ಯಾಟ್. ದಿನಕ್ಕೆ 15 ಗಂಟೆಯಂತೆ 300 ದಿನ ತಿರುಗಿದರೆ ಉಳಿಯುವುದು ಸುಮಾರು 200 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 1,200 ರೂಪಾಯಿ ಆಯಿತು. ಸಾಧಾರಣ ಪಂಖಕ್ಕಿಂತ ಕೊಟ್ಟ ಹೆಚ್ಚಿನ ಬೆಲೆ ಹೆಚ್ಚು ಕಡಿಮೆ ಒಂದು ವರ್ಷದಲ್ಲಿ ವಾಪಸು! ಅಪ್ಪ ಈ ಲೆಕ್ಕವನ್ನು ಕೇಳಿ ಹಿಗ್ಗಿದ. ಆದರೆ ತಿಂಗಳ ಬಿಲ್ಲು ಕಡಿಮೆಯಾಗಲಿಲ್ಲ. ಏಕೆಂದರೆ ಅದು ಮೊದಲೇ ಸೊನ್ನೆಯಾಗಿತ್ತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ, ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದ ಮಿತಿಯೊಳಗಿದ್ದರೆ ಕೊಡುವುದೇನೂ ಇಲ್ಲ. ಸೊನ್ನೆಯಲ್ಲಿ ಕಳೆಯುವುದು ಹೇಗೆ? ಇಂಥ ಮನೆಯಲ್ಲಿ ಪಂಖದ ಲಾಭ ಬೇರೆ ಕಡೆ ಇದೆ. ಯುಪಿಎಸ್ ಇದ್ದರೆ, ಹಳೆಯ ಪಂಖವನ್ನು ಒಂದು ಗಂಟೆ ತಿರುಗಿಸುವ ಬ್ಯಾಟರಿ ಹೊಸದನ್ನು ಎರಡೂವರೆ ಗಂಟೆ ತಿರುಗಿಸುತ್ತದೆ. ಯುಪಿಎಸ್ಸೂ ಇಲ್ಲ, ಬಿಲ್ಲೂ ಇಲ್ಲ ಎನ್ನುವವರು ಹಳೆಯ ಪಂಖ ಕೆಡುವವರೆಗೆ ಕಾಯಬಹುದು.

ಇನ್ನು ನೀರಿನ ಯಂತ್ರ. ಇದು ದೊಡ್ಡ ಕಥೆ.

ಟೈ ಕಟ್ಟಿಕೊಂಡ ಯುವಕನೊಬ್ಬ ಬಾಗಿಲಿಗೆ ಬಂದು ಎರಡು ಲೋಟ ಕೇಳಿದ. ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ತಾನು ತಂದ ಆರ್‌ಓ ನೀರು. ಎರಡಕ್ಕೂ ಲೋಹದ ಸರಳುಗಳಿದ್ದ ಒಂದು ಸಾಧನವನ್ನು ಇಳಿಬಿಟ್ಟು ಸ್ವಿಚ್ ಹಾಕಿದ. ಅರ್ಧ ನಿಮಿಷದಲ್ಲಿ ಮನೆಯ ನೀರು ಕಂದು ಬಣ್ಣಕ್ಕೆ ತಿರುಗಿ, ಗಸಿ ಗಸಿಯಾಗಿ, ನೋಡಿದರೆ ವಾಕರಿಕೆ ಬರುವ ಹಾಗಾಯಿತು. ಅವನ ನೀರು ತಿಳಿಯಾಗಿಯೇ ಇತ್ತು. “ನೀವು ದಿನಾ ಕುಡಿಯುತ್ತಿರುವುದು ಇದನ್ನೇ ಅಮ್ಮ” ಎಂದ. ಅಮ್ಮನ ಮುಖ ಸಣ್ಣದಾಯಿತು.

ಇಲ್ಲಿ ನಡೆದದ್ದು ಹೈಸ್ಕೂಲಿನ ಪಾಠ, ವಿದ್ಯುದ್ವಿಭಜನೆ. ನೀರಿನಲ್ಲಿ ಕರಗಿದ ಲವಣಗಳಿದ್ದರೆ ವಿದ್ಯುತ್ ಹರಿಯುತ್ತದೆ. ಹರಿದಾಗ ಧನಾಗ್ರದ ಕಬ್ಬಿಣವೇ ಕರಗಿ, ನೀರಿನೊಡನೆ ಸೇರಿ ಕಬ್ಬಿಣದ ಹೈಡ್ರಾಕ್ಸೈಡಾಗಿ ಕಂದು ಗಸಿಯಾಗುತ್ತದೆ. ಆ ಕೊಳೆ ನೀರಿನದಲ್ಲ, ಸರಳಿನದು. ಆರ್‌ಓ ನೀರಿನಲ್ಲಿ ಲವಣ ಅತ್ಯಲ್ಪ. ಆದ್ದರಿಂದ ವಿದ್ಯುತ್ ಹರಿಯಲಿಲ್ಲ, ಸರಳೂ ಕರಗಲಿಲ್ಲ. ಮಗಳು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ತಿಳಿನೀರಿಗೆ ಹಾಕಿ “ಈಗ ಹಾಕಿ ಸ್ವಿಚ್ಚು” ಎಂದಳು. ತಿಳಿನೀರು ಮನೆಯ ನೀರಿಗಿಂತ ಕಡುವಾದ ಕಂದಾಯಿತು. ಯುವಕ ಸಾಧನವನ್ನು ಚೀಲಕ್ಕೆ ತುರುಕಿಕೊಂಡು ಹೊರಟ. (ಮಕ್ಕಳೇ, ಮನೆಯ ಕರೆಂಟಿನಲ್ಲಿ ಇದನ್ನು ಎಂದಿಗೂ ಮಾಡಬೇಡಿ. 9 ವೋಲ್ಟ್ ಬ್ಯಾಟರಿ, ಎರಡು ಮೊಳೆ, ಉಪ್ಪು ನೀರು ಇಷ್ಟೇ ಸಾಕು. ಅದೂ ದೊಡ್ಡವರ ಎದುರಿಗೆ, ಕಿಟಕಿ ತೆರೆದು.)

ಮನೆಯಲ್ಲಿ ಅಂದು ವಿಜಯೋತ್ಸವ. ಮಗಳ ಬುದ್ಧಿಯನ್ನು ಬೀದಿಯೆಲ್ಲ ಕೊಂಡಾಡಿತು. ಆದರೆ ತರ್ಕದಲ್ಲಿ ಒಂದು ತೂತು ಉಳಿದೇ ಇತ್ತು. ಮಾರಾಟಗಾರನ ಸಾಕ್ಷ್ಯ ಸುಳ್ಳೆಂದು ಸಾಬೀತಾದ ಮಾತ್ರಕ್ಕೆ ನೀರು ಒಳ್ಳೆಯದೆಂದು ಸಾಬೀತಾಯಿತೆ? ಆಗಲಿಲ್ಲ. ಅವನು ತೋರಿಸಿದ ಕೊಳೆ ಇಲ್ಲದಿರಬಹುದು, ತೋರಿಸದ ವಿಷ ಇರಬಹುದು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಆಳದ ಕಣಶಿಲೆಯ ಖನಿಜಗಳಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರೇ ಸಿಗದ ಕಡೆ 1.5ರವರೆಗೆ. ಅದಕ್ಕೂ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಬಿಳಿಯ, ಕಂದು ಬಣ್ಣದ ಕಲೆ. ಬಹಳ ಹೆಚ್ಚಾಗಿ, ಬಹಳ ವರ್ಷ ಕುಡಿದರೆ ಮೂಳೆಗೂ ಕೀಲಿಗೂ ತೊಂದರೆ. ಶಾಶ್ವತ ಹಲ್ಲುಗಳ ಎನಾಮಲ್ ಒಸಡಿನೊಳಗೇ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಅಷ್ಟರಲ್ಲಿ ಬಿದ್ದ ಕಲೆ ಯಾವ ಪೇಸ್ಟಿಗೂ ಹೋಗುವುದಿಲ್ಲ. ಈ ಮನೆಯ ಹುಡುಗನಿಗೆ ಆರು.

ಕುದಿಸಿದರೆ ಹೋಗುವುದಿಲ್ಲವೆ ಎಂದು ಅಮ್ಮ ಕೇಳಬಹುದು. ಕುದಿಸಿದರೆ ಸಾಯುವುದು ಸೂಕ್ಷ್ಮಜೀವಿಗಳು. ಫ್ಲೋರೈಡ್ ಅಲ್ಲೇ ಇರುತ್ತದೆ. ನೀರು ಆವಿಯಾದಷ್ಟೂ ಸ್ವಲ್ಪ ಸಾಂದ್ರವಾಗುತ್ತದೆ ಕೂಡ. ನೇರಳಾತೀತ ದೀಪದ ಯಂತ್ರದ್ದೂ ಇದೇ ಹಣೆಬರಹ. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಟಿ.ಡಿ.ಎಸ್. ಮೀಟರು? ಅದು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಒಟ್ಟು ಲವಣ ಎಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ, ಯಾವ ಲವಣವೆಂದು ಹೇಳುವುದಿಲ್ಲ. 600 ತೋರಿಸುವ ಎರಡು ಲೋಟಗಳಲ್ಲಿ ಒಂದರಲ್ಲಿ ಅರ್ಧ ಮಿಲಿಗ್ರಾಂ ಫ್ಲೋರೈಡ್, ಇನ್ನೊಂದರಲ್ಲಿ ಎರಡೂವರೆ ಇದ್ದರೂ ಮೀಟರಿಗೆ ಎರಡೂ ಒಂದೇ. ಸಕ್ಕರೆ ಕದಡಿ ನೋಡಿ, ಮುಳ್ಳು ಅಲುಗುವುದೇ ಇಲ್ಲ ಎನ್ನಬಹುದು. ಹಾಗಾಗಿ ದಾರಿ ಒಂದೇ, ತೊಳೆದ ಬಾಟಲಿಯಲ್ಲಿ ನೀರು ತುಂಬಿ ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುವುದು. ಈ ಮನೆಯವರು ಕೊಟ್ಟರು ಎಂದಿಟ್ಟುಕೊಳ್ಳಿ, ಚೀಟಿಯಲ್ಲಿ 2.4 ಎಂದು ಬಂತು ಎಂದಿಟ್ಟುಕೊಳ್ಳಿ. ಅಂದು ಉಪ್ಪು ಹಾಕಿ ಓಡಿಸಿದ ಯುವಕನ ಯಂತ್ರವೇ ಈಗ ಬೇಕಾಗಿದೆ!

ಹಿಮ್ಮುಖ ಅಭಿಸರಣೆಯಲ್ಲಿ ನೀರನ್ನು ಒತ್ತಡ ಹಾಕಿ ಅತಿ ಸೂಕ್ಷ್ಮ ಪೊರೆಯೊಂದರ ಮೂಲಕ ತಳ್ಳುತ್ತಾರೆ. ನೀರು ದಾಟುತ್ತದೆ, ಲವಣ ಬಹುಮಟ್ಟಿಗೆ ಹಿಂದುಳಿಯುತ್ತದೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಇದಕ್ಕೆ ಬಳಕೆಗೆ ಬರುವಂಥ ಪೊರೆಯನ್ನು ಸಿದ್ಧಪಡಿಸಿದರು. ಫ್ಲೋರೈಡಿನ ಹತ್ತರಲ್ಲಿ ಎಂಟೊಂಬತ್ತು ಪಾಲು ಇದರಲ್ಲಿ ಹೋಗುತ್ತದೆ. ಖರ್ಚು? ಯಂತ್ರಕ್ಕೆ 12,000, ಆರು ವರ್ಷ ಬಾಳಿಕೆ ಎಂದು ಹಿಡಿದರೆ ವರ್ಷಕ್ಕೆ 2,000. ಶೋಧಕ ಬದಲಿಸಲು ವರ್ಷಕ್ಕೆ 3,500 ಸೇರಿಸಿ. ಈ ಎರಡನೆಯದನ್ನು ಮಾರುವವರು ಮೊದಲು ಹೇಳುವುದಿಲ್ಲ, ಕೊಳ್ಳುವವರು ಮೊದಲು ಕೇಳಬೇಕು. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 15 ಲೀಟರ್ ಹಿಡಿದರೆ ಲೀಟರಿಗೆ ಒಂದು ರೂಪಾಯಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿಗೆ 20 ಲೀಟರ್ ಸಿಗುವುದಾದರೆ ಲೀಟರಿಗೆ ನಾಲ್ಕಾಣೆ. ಘಟಕ ಸರಿಯಾಗಿ ನಡೆಯುತ್ತಿದ್ದರೆ ಅದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಕೆಟ್ಟು ಬಾಗಿಲು ಹಾಕಿದ ದಿನಗಳೇ ಹೆಚ್ಚಾದರೆ ಮಾತ್ರ ಮನೆಗೆ ಯಂತ್ರ.

‘ಅಡುಗೆಗೆ’ ಎಂಬ ಮಾತನ್ನು ಗಮನಿಸಿ. ಕುಡಿಯಲು ಯಂತ್ರದ ನೀರು, ಅನ್ನ ಸಾರಿಗೆ ಕೊಳವೆಬಾವಿಯದು ಎಂದರೆ ಬಿಟ್ಟ ಫ್ಲೋರೈಡ್ ಸಾರಿನ ಜೊತೆ ಒಳಗೆ ಹೋಗುತ್ತದೆ. ಯಂತ್ರದೊಳಗೆ ಟಿ.ಡಿ.ಎಸ್. ಸರಿಹೊಂದಿಸುವ ಒಂದು ತಿರುಪು ಇರುತ್ತದೆ. ರುಚಿಗಾಗಿ ಪೊರೆ ದಾಟದ ನೀರನ್ನೇ ಒಂದಿಷ್ಟು ಬೆರೆಸುವುದು ಅದರ ಕೆಲಸ. ಫ್ಲೋರೈಡ್ ಇರುವ ಮನೆಯಲ್ಲಿ ಅದನ್ನು ಮುಚ್ಚಿಸಬೇಕು. ಮೂಲೆಗೆ ಬಿದ್ದ ಮೀಟರು ಈಗ ಉಪಯೋಗಕ್ಕೆ ಬರುತ್ತದೆ: ಹೊರಬರುವ ನೀರಿನ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಪೊರೆ ಸೋಲುತ್ತಿದೆ ಎಂದರ್ಥ. ಒಂದು ಲೀಟರ್ ಶುದ್ಧವಾಗುವಾಗ ಮೂರು ಲೀಟರಿನಷ್ಟು ಹೊರಗೆ ಹೋಗುತ್ತದೆ. ಅದನ್ನು ನೆಲ ಒರೆಸಲು, ಬಚ್ಚಲಿಗೆ ಬಳಸಬಹುದು; ದನಕರುಗಳಿಗೆ ಇಡಬಾರದು.

ನದಿಯ ನೀರು ಬರುವ ಊರಿನವರು ಇದನ್ನೆಲ್ಲ ಓದಿ ಯಂತ್ರ ಕೊಳ್ಳಲು ಓಡಬೇಕಾಗಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವೆಡೆ ಆರ್‌ಓ ಬಳಕೆಯನ್ನು ನಿಷೇಧಿಸುವಂತೆ ಸರ್ಕಾರಕ್ಕೆ ಸೂಚಿಸಿತ್ತು. ಅಲ್ಲಿ ಸೋಸಿ ಕುದಿಸಿದ ನೀರೇ ಸಾಕು. ಹತ್ತು ಸಾವಿರ ಕೊಟ್ಟು ಒಳ್ಳೆಯ ನೀರನ್ನು ಚರಂಡಿಗೆ ಬಿಡುವುದು ಬುದ್ಧಿವಂತಿಕೆಯಲ್ಲ.

ಕೊನೆಯದು, ಸಂತೆಯಲ್ಲಿ ತಂದ 200 ರೂಪಾಯಿಯ ಮಡಕೆ. ಶುದ್ಧವಾದ ನೀರನ್ನು ಬೇಸಗೆಯಲ್ಲಿ ತಂಪಾಗಿಡಲು ಇದಕ್ಕಿಂತ ಅಗ್ಗದ ಯಂತ್ರ ಇನ್ನೂ ಬಂದಿಲ್ಲ. ಮಡಕೆಯ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಸುಪ್ತೋಷ್ಣವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಹತ್ತು ಲೀಟರ್ ನೀರು 8 ಡಿಗ್ರಿ ತಣ್ಣಗಾಗಲು 336 ಕಿಲೋಜೌಲ್ ಹೊರಹೋಗಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಬೇಕು. ಭಾಗಿಸಿದರೆ 140 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ. ಹೊರಗಿನ ಬಿಸಿ ಒಳಬರುವುದನ್ನೂ ಎದುರಿಸಬೇಕಾದ್ದರಿಂದ ನಿಜಕ್ಕೆ ಇನ್ನಷ್ಟು ಖರ್ಚಾಗುತ್ತದೆ. ಬಯಲು ಸೀಮೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟಾಗಿ ಇಲ್ಲ. ಹೂಬಳ್ಳಿಯ ಚಿತ್ತಾರ ಬರೆದು ಎಣ್ಣೆಬಣ್ಣ ಬಳಿದ ಮಡಕೆಗಳು ಈಗ ಅಂಗಡಿಗಳಲ್ಲಿ ಚೆಂದಾಗಿ ಕಾಣುತ್ತವೆ, ಬೆಲೆಯೂ ಎರಡು ಪಟ್ಟು. ಬಣ್ಣ ಬಿದ್ದ ಕಡೆಯೆಲ್ಲ ರಂಧ್ರ ಮುಚ್ಚಿರುತ್ತದೆ.

ಒಂದೆರಡು ಬೇಸಗೆ ಕೊಳವೆಬಾವಿಯ ಗಡಸು ನೀರನ್ನೇ ತುಂಬಿದ ಮಡಕೆ ಮೊದಲಿನಷ್ಟು ತಂಪು ಕೊಡುವುದಿಲ್ಲ. ಹೊರಮೈಯ ಮೇಲೆ ಬಿಳಿಯ ಪುಡಿ ಕೂತಿರುತ್ತದೆ. ನೀರು ಆವಿಯಾಗಿ ಹೋಗಿ ಲವಣ ಉಳಿದು ರಂಧ್ರಗಳನ್ನು ಕಟ್ಟಿದೆ. ತೆಂಗಿನ ನಾರಿನಿಂದ ಉಜ್ಜಿದರೆ ಸ್ವಲ್ಪ ಬಿಡುತ್ತದೆ. ಉಜ್ಜುವ ಮೊದಲು ಮಕ್ಕಳು ಆ ಪುಡಿಯ ಮೇಲೆ ಎರಡು ಹನಿ ನಿಂಬೆರಸ ಹಿಂಡಿ ನೋಡಲಿ. ಬುರಬುರನೆ ಸಣ್ಣ ನೊರೆ ಎದ್ದರೆ ಅಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್.